ಪೂಲಾವಿಯ ರಾತ್ರಿಮಾತು

ಅಕ್ಕ ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಅಂಗಳದಲ್ಲಿ ಮಲಗಿಸಿದ್ದಾಗ ಅವಳು ಸಾಕಿದ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಅಕ್ಕನ ಬಲಗೈ ಎತ್ತಿ, ಅಂಗೈಯನ್ನು ತನ್ನ ತುಟಿಗೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ಇದ್ದಳು. ಸುತ್ತ ನಿಂತಿದ್ದ ಹೆಂಗಸರು ಸೆರಗು ಕಣ್ಣಿಗೆ ಹಿಡಿದು, "ಅಯ್ಯೋ ಪಾಪ, ಹೆಂಗೆ ಮುತ್ತಿಡ್ತಾಳೆ ನೋಡು" ಅಂದರು. ನನಗೆ ಆ ದುಃಖದಲ್ಲೂ ಮೈ ಉರಿಯಿತು. ಮುತ್ತಂತೆ, ಮುತ್ತು! ಅದು ಮಾತು ಕಣ್ರಮ್ಮಾ ಅಂತ ಗದರಬೇಕು ಅನ್ನಿಸಿತು. ಸಾವಿನ ಮನೆ, ಬಾಯಿ ಮುಚ್ಚಿಕೊಂಡೆ. ಈಗ ಬರೀತಾ ಕೂತಿದ್ದೇನೆ.

ನಾನು ಕೊಳ್ಳೇಗಾಲದ ಕಡೆಯವಳು. ಕೈಮಗ್ಗದ ಸದ್ದು ಕೇಳಿ ಬೆಳೆದವಳು. ತಮಿಳು ಸೀಮೆಯ ಸೋಮನೂರು ಪಕ್ಕದ ಈ ಬೀದಿಗೆ ಸೊಸೆಯಾಗಿ ಬಂದ ದಿನ ಭೂಮಿ ಅದುರುತ್ತಿದೆ ಅಂತಲೇ ತಿಳಿದಿದ್ದೆ. ಇಲ್ಲಿ ಮನೆ ಅಂದರೆ ಮುಂದಿನ ಅರ್ಧ ಪವರ್‌ಲೂಮು, ಹಿಂದಿನ ಅರ್ಧ ಮನುಷ್ಯರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಮಗ್ಗ ಓಡುತ್ತಿದ್ದರೆ ಎರಡೂ ಇಲ್ಲ, ಬರೀ ತುಟಿ. ಬೀದಿಯ ಸಣ್ಣವರಿಂದ ದೊಡ್ಡವರ ತನಕ ಎಲ್ಲರೂ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ. ಬಂದ ಹೊಸದರಲ್ಲಿ ನಾನು ಅತ್ತೆಯ ಅಡುಗೆಯ ಬಗ್ಗೆ ಗಂಡನ ಕಿವಿಯಲ್ಲಿ ಪಿಸುಗುಟ್ಟಿದ್ದು ಎದುರು ಮನೆಯವರಿಗೆ ಗೊತ್ತಾಗಿ, ಸಂಜೆಯೊಳಗೆ ಅತ್ತೆಗೂ ತಲುಪಿತ್ತು. ಅತ್ತೆ ಒಂದು ವಾರ ನನಗೆ ಉಪ್ಪಿಲ್ಲದ ಸಾರು ಬಡಿಸಿದರು.

ಆ ವಾರ ಗೋಡೆಯಾಚೆಯಿಂದ ಒಂದು ಬಟ್ಟಲು ಹುಳಿ ತಂದುಕೊಟ್ಟವಳು ಅಕ್ಕ. ಪಕ್ಕದ ಮನೆ. ನನಗಿಂತ ಹತ್ತಾರು ವರ್ಷ ದೊಡ್ಡವಳು. ಏಕವಚನದಲ್ಲೇ ಬರೆಯುತ್ತೇನೆ, ಬಹುವಚನ ಹಾಕಿದರೆ ಅವಳೇ ನಗುತ್ತಾಳೆ. ನಾಲ್ಕು ಮಗ್ಗ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ನನ್ನ ಗಂಟಲು ಕೇಳಿ ಗಂಡುಗಳೆಲ್ಲ ಓಡಿಹೋದ್ವು" ಅನ್ನುತ್ತಿದ್ದಳು. ಗಂಟಲು ನಿಜಕ್ಕೂ ಹಾಗೇ ಇತ್ತು. ಅವಳು ಮೆಲ್ಲಗೆ ಅಂದುಕೊಂಡು ಆಡಿದ ಮಾತು ಮೂರು ಮನೆ ದಾಟುತ್ತಿತ್ತು.

ಅವಳ ಮಡಿಲಲ್ಲಿ ಒಂದು ಮಗು ಇತ್ತು. ತಂಗಿಯ ಮಗಳು. ತಂಗಿ ಜ್ವರದಲ್ಲಿ ತೀರಿಕೊಂಡಾಗ ಮಗು ಇನ್ನೂ ಸರಿಯಾಗಿ ನಡೆಯುತ್ತಿರಲಿಲ್ಲ. ಮಗುವಿನ ಅಪ್ಪ ಧಾರಾಪುರಂನಲ್ಲಿ ಅಂಗಡಿ ಇಟ್ಟವನು, ಇನ್ನೊಂದು ಮದುವೆಯಾದ. ಕೆಟ್ಟವನಲ್ಲ, ತಾಯಿಯ ಮಾತು ಮೀರದವನು. ಕುಲದ ಹಿರಿಯರು ಕೂತು ಒಂದು ಮಾತು ಹೇಳಿದ್ದರು: ಮಗು ದೊಡ್ಡಮ್ಮನ ಹತ್ತಿರ ಬೆಳೆಯಲಿ, ಅವಳ ಕೈಲಾಗುವವರೆಗೆ; ಕೈಲಾಗದ ದಿನ ಅಪ್ಪನ ಮನೆಗೆ. ಆ ಕಡೆಯ ಮಾತನ್ನು ಎಲ್ಲರೂ ಮರೆತಿದ್ದರು, ಅಕ್ಕ ಒಬ್ಬಳನ್ನು ಬಿಟ್ಟು.

ಮಗುವನ್ನು ನಾವೆಲ್ಲ ಅಮ್ಮಿಣಿ ಅನ್ನುತ್ತಿದ್ದೆವು. ಈ ಸೀಮೆಯಲ್ಲಿ ಹೆಣ್ಣು ಮಕ್ಕಳನ್ನು ಮುದ್ದಿಗೆ ಕರೆಯುವುದೇ ಹಾಗೆ. ಮಗ್ಗದ ಆಚೆ ಗೋಣಿಚೀಲ ಮಡಿಸಿ ಹಾಸಿ ಅದರ ಮೇಲೆ ಅಮ್ಮಿಣಿಯನ್ನು ಕೂರಿಸಿ, ಅಕ್ಕ ನೂಲು ಗಂಟು ಹಾಕುತ್ತಾ ಕಥೆ ಹೇಳುತ್ತಿದ್ದಳು. ಆ ಗದ್ದಲದಲ್ಲಿ ದನಿ ಯಾರಿಗೆ ಬೇಕು? ಬರೀ ತುಟಿಯಲ್ಲಿ. ಒಂದು ದಿನ ಕಡೆಗೋಲು ಕೇಳೋಣ ಅಂತ ಹೋದವಳು ಬಾಗಿಲಲ್ಲೇ ನಿಂತೆ. ತುಟಿ ಓದುವುದು ಅಷ್ಟು ಹೊತ್ತಿಗೆ ನನಗೂ ಬಂದಿತ್ತು. ಆದರೆ ಅವಳು ಹೇಳುತ್ತಿದ್ದುದು ಕನ್ನಡವೂ ಅಲ್ಲ, ತಮಿಳೂ ಅಲ್ಲ. ಮಗು ಮಾತ್ರ ಹೊಟ್ಟೆ ಹಿಡಿದು ನಗುತ್ತಿತ್ತು.

"ಏನಕ್ಕಾ ಅದು?" ಅಂದೆ.

"ಪೂಲಾವಿ" ಅಂದಳು. "ದೊಡ್ಡ ಅರುವಿ ಹಿಂದಿನ ಊರು."

ಅರುವಿ ಅಂದರೆ ಇಲ್ಲಿ ಜಲಪಾತ. ಬೀಳುವ ನೀರಿನ ಪರದೆಯ ಹಿಂದೆ ಬಂಡೆಯೊಳಗೆ ಒಂದು ಊರು, ಅದೇ ಪೂಲಾವಿ. ಹಗಲು ರಾತ್ರಿ ನೀರಿನ ಮೊರೆತ, ಅಲ್ಲಿ ಯಾರಿಗೂ ಯಾರ ದನಿಯೂ ಕೇಳದು. ಕಿವಿ ಇರುವುದು ಓಲೆ ಹಾಕಿಕೊಳ್ಳುವುದಕ್ಕೆ ಮಾತ್ರ. ರಾಜನೂ ಇಲ್ಲ; ಅಪ್ಪಣೆ ಕೂಗಿದರೆ ಕೇಳುವವರು ಯಾರು? ಅಲ್ಲಿಯ ಜನ ಆಡುವ ಭಾಷೆಯನ್ನು ಅಕ್ಕ ಒಂದೊಂದೇ ಮಾತಾಗಿ ಕಟ್ಟಿಕೊಂಡಿದ್ದಳು, ಮಗುವಿಗೆ ಕಲಿಸಿದ್ದಳು. ನನಗೂ ಕಲಿಸು ಅಂತ ದುಂಬಾಲು ಬಿದ್ದೆ. ನನ್ನದು ಪುಸ್ತಕದ ಕನ್ನಡ ಅಂತ ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದ ಕಾಲ, ಯಾರಿಗೂ ಬಾರದ ಭಾಷೆಯೊಂದು ನನಗೆ ಬೇಕಾಗಿತ್ತು.

"ಮೊದಲು ಕ, ಗ, ಹ ಮೂವರನ್ನೂ ಊರಾಚೆ ಹಾಕು" ಅಂದಳು ಅಕ್ಕ. "ಗಂಟಲೊಳಗೆ ಬಚ್ಚಿಟ್ಕೊಳ್ಳೋ ಕಳ್ರು. ಮುಖ ತೋರಿಸೋದಿಲ್ಲ."

ಪೂಲಾವಿಯಲ್ಲಿ ಕಣ್ಣಿಗೆ ಕಾಣುವ ಅಕ್ಷರಕ್ಕೆ ಮಾತ್ರ ಮನೆ. ತುಟಿ ಮುಚ್ಚಿ ತೆರೆದರೆ ಪ. ಹಲ್ಲು ಕೆಳತುಟಿಗೆ ತಾಗಿದರೆ ವ. ನಾಲಿಗೆಯ ತುದಿ ಹಲ್ಲ ಸಂದಿಯಲ್ಲಿ ಇಣುಕಿದರೆ ಲ. ಬಾಯಿ ಅಗಲಿಸಿದರೆ ಆ, ಎಳೆದರೆ ಈ, ಸುತ್ತಿದರೆ ಊ, ಓ. ಮುಗಿಯಿತು ವರ್ಣಮಾಲೆ. ಬ, ಮ ಏನಾಯಿತು ಅಂತ ಜಗಳ ತೆಗೆದೆ. "ಕನ್ನಡಿ ಮುಂದೆ ನಿಂತು ಪ, ಬ, ಮ ಅಂತ ದನಿ ಇಲ್ಲದೆ ಹೇಳು, ಬೇರೆ ಬೇರೆ ಕಂಡ್ರೆ ಬಂದು ನನ್ನ ಕೇಳು" ಅಂದಳು. ಹೋಗಿ ನಿಂತೆ. ಮೂರೂ ಒಂದೇ. ನಮ್ಮ ಮಹಾಪ್ರಾಣಗಳ ಗತಿ ಕೇಳುವ ಧೈರ್ಯವೇ ಆಗಲಿಲ್ಲ.

ವಾಕ್ಯದಲ್ಲಿ ಮಾಡುವ ಕೆಲಸವೇ ಮೊದಲು. "ಬೀಳ್ತೀಯ" ಮೊದಲು, "ನೀನು" ಆಮೇಲೆ. ಅದಕ್ಕೂ ತಕರಾರು ಮಾಡಿದೆ. "ನಿನ್ನ ಸೆರಗು ಬೆಲ್ಟಿಗೆ ಸಿಗ್ತಾ ಇದೆ, ನಾನು ನಿನ್ನ ಹೆಸರು ಹೇಳಿ, ನಿಮ್ಮಪ್ಪನ ಹೆಸರು ಹೇಳಿ, ಆಮೇಲೆ 'ಎಳ್ಕೋ' ಅನ್ಲಾ?" ಅಂದಳು. ಆಗಿಹೋದದ್ದಕ್ಕೆ ಗಲ್ಲ ಹಿಂದಕ್ಕೆ, ಆಗಬೇಕಾದ್ದಕ್ಕೆ ಗಲ್ಲ ಮುಂದಕ್ಕೆ. ಇಲ್ಲ ಅನ್ನುವುದಕ್ಕೆ ಎರಡು ತುಟಿಯನ್ನೂ ಒಳಗೆ ಎಳೆದುಕೊಳ್ಳಬೇಕು. ಪ್ರಶ್ನೆಗೆ ಹುಬ್ಬು ಏರಿಸಬೇಕು. 'ಕೇಳು' ಅನ್ನುವ ಮಾತೇ ಇಲ್ಲ. ಯಾರನ್ನಾದರೂ ಮಾತಿಗೆ ಕರೆಯಬೇಕಾದರೆ 'ನೋಡು' ಅನ್ನಬೇಕು.

ಅಮ್ಮಿಣಿ ಒಂದು ದಿನ ಕೇಳಿದಳು: ರಾತ್ರಿ ದೀಪ ಆರಿಸಿದ ಮೇಲೆ ಪೂಲಾವಿಯವರು ಹೇಗೆ ಮಾತಾಡುತ್ತಾರೆ? ಅಕ್ಕ ಯೋಚನೆ ಮಾಡಿ, ತನ್ನ ಅಂಗೈಯನ್ನು ಮಗುವಿನ ಬಾಯಿಗೆ ಒಡ್ಡಿದಳು. ಕತ್ತಲಲ್ಲಿ ತುಟಿ ನೋಡುವುದಕ್ಕಾಗದು, ಮುಟ್ಟಬಹುದು. ಸರಿ, ಆದರೆ ಹುಬ್ಬು ಏರಿಸಿದ್ದು ಅಂಗೈಗೆ ಹೇಗೆ ಗೊತ್ತಾಗಬೇಕು? ಅದನ್ನು ಬಿಡಿಸಿದವಳು ಅಮ್ಮಿಣಿಯೇ. ಮಾತು ಮುಗಿಸಿ ಕಡೆಯಲ್ಲಿ 'ಉಫ್' ಅಂತ ಊದಿದಳು. ಊದಿದರೆ ಪ್ರಶ್ನೆ. ಅಕ್ಕ ಅವಳನ್ನು ಎತ್ತಿಕೊಂಡು, "ಬಿಡಮ್ಮ, ಇನ್ಮೇಲೆ ಪೂಲಾವಿ ನಿಂದೇ" ಅಂದಳು.

ಇಷ್ಟೆಲ್ಲ ಕಲಿತೂ ನನ್ನ ಮರಮಂಡೆಗೆ ವಿಷಯ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದೆ. ಮಗ್ಗಗಳೆಲ್ಲ ಊಟದ ಹೊತ್ತಿಗೆ ನಿಂತಿದ್ದವು. ಅವಳು ಒಲೆಗೆ ಬೆನ್ನು ಹಾಕಿ ಸೊಪ್ಪು ಬಿಡಿಸುತ್ತಿದ್ದಳು. ಕುಕ್ಕರ್ ಕೂಗಿತು, ಮತ್ತೆ ಕೂಗಿತು, ಕೂಗುತ್ತಲೇ ಹೋಯಿತು. ಅವಳು ತಿರುಗಲೇ ಇಲ್ಲ. ಎದ್ದು ಒಲೆ ಆರಿಸಿ ಅವಳ ಎದುರಿಗೆ ಬಂದು ಕೂತೆ. ನನ್ನ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು.

"ಎಷ್ಟು ದಿನದಿಂದ?" ಅಂದೆ, ಬರೀ ತುಟಿಯಲ್ಲಿ.

"ಸುಮಾರು ದಿನ ಆಯ್ತು" ಅಂದಳು. ಆರ್.ಎಸ್. ಪುರಂನ ಕಿವಿ ಡಾಕ್ಟರಿಗೆ ತೋರಿಸಿದ್ದಳಂತೆ, ಯಾರಿಗೂ ಹೇಳದೆ. ವರ್ಷಗಟ್ಟಲೆ ಮಗ್ಗದ ಸದ್ದು ಕೇಳಿ ನರ ಸವೆದಿದೆ, ಕಿವಿಗೆ ಹಾಕುವ ಮಿಷನ್ನಿಂದಲೂ ಹೆಚ್ಚು ಉಪಯೋಗವಿಲ್ಲ ಅಂದರಂತೆ. ತಂದ ಮಿಷನ್ನು ಅಕ್ಕಿ ಡಬ್ಬಿಯಲ್ಲಿತ್ತು. "ಹಾಕ್ಕೊಂಡ್ರೆ ತಲೆಯೊಳಗೇ ನಾಲ್ಕು ತರಿ ಓಡ್ತವೆ" ಅಂದಳು. ತರಿ ಅಂದರೆ ಮಗ್ಗ. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಯಾರ ಹತ್ರಾನೂ ಹೇಳ್ಬೇಡ, ನನ್ನ ಕಣ್ಣು. ಕೈಲಾಗೋದಿಲ್ಲ ಅಂದ್ಬಿಟ್ಟು ಮಗೂನ ಕರ್ಕೊಂಡ್ಹೋಗ್ತಾರೆ."

ನಾನು ಹೇಳಲಿಲ್ಲ. ಆದರೆ ಎಲ್ಲರೂ ತುಟಿ ಓದುವ ಬೀದಿಯಲ್ಲಿ ಗುಟ್ಟಿಗೆ ಆಯುಷ್ಯ ಎಷ್ಟು? ಯಾರೋ ಧಾರಾಪುರಂಗೆ ಸುದ್ದಿ ಮುಟ್ಟಿಸಿದರು. ಅಮ್ಮಿಣಿ ಒಂದನೇ ಕ್ಲಾಸಿನಲ್ಲಿದ್ದಳು. ಭಾನುವಾರ ಬರುತ್ತೇವೆ, ಮಗುವಿನ ಅಪ್ಪ, ಅವನ ತಾಯಿ, ಕುಲದ ಹಿರಿಯರೊಬ್ಬರು, ಅಂತ ಫೋನು ಬಂತು. ಫೋನು ತೆಗೆದುಕೊಂಡವಳು ನಾನು. ಮಾತಾಡಿದ್ದು ಆ ತಾಯಿ, ಮುದುಕಮ್ಮ. ಒಂದೇ ಮಾತು ಹೇಳಿದರು: "ಮಗು ಕೂಗಿದ್ರೆ ಓಡಿಬರೋಕೆ ಅಲ್ಲಿ ಯಾರಿದಾರೆ ಅಂತ ನೋಡ್ಬೇಕು."

ಅಕ್ಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಉಪಾಯ ಹೂಡಿದವಳು ನಾನೇ. ಬರುವವರನ್ನು ಮಗ್ಗದ ಕೋಣೆಯಲ್ಲೇ ಕೂರಿಸುವುದು. ಅಕ್ಕನ ಮಗ್ಗ ನಿಲ್ಲಿಸಿದರೂ ಎರಡೂ ಪಕ್ಕದ ಮನೆಯವು ಓಡುತ್ತಿರುತ್ತವೆ. ಆ ಗದ್ದಲದಲ್ಲಿ 'ಏನಂದ್ರಿ' ಅಂತ ಯಾರು ಯಾರನ್ನು ಕೇಳಿದರೂ ತಪ್ಪಿಲ್ಲ. ಅಕ್ಕ ತುಟಿ ಓದುವವಳೇ, ಆದರೆ ಮೂವರು ಒಟ್ಟಿಗೆ ಮಾತಾಡಿದರೆ ಒಬ್ಬಳು ಎಷ್ಟು ತುಟಿ ನೋಡಿಯಾಳು? ಬಂದವರ ಬೆನ್ನ ಹಿಂದೆ, ಅಕ್ಕನಿಗೆ ಎದುರಾಗಿ, ಟ್ಯೂಬ್‌ಲೈಟಿನ ಕೆಳಗೆ ನಾನು ಕೂತು ಅವರ ಮಾತನ್ನೆಲ್ಲ ತುಟಿಯಲ್ಲಿ ದಾಟಿಸುವುದು. ಕನ್ನಡದಲ್ಲಿ ದಾಟಿಸಿದರೆ ಕೆಟ್ಟೆವು. ಮುದುಕಮ್ಮ ಪಲ್ಲಡಂ ಕಡೆಯ ಮಗ್ಗದಲ್ಲಿ ಅರ್ಧ ಆಯುಷ್ಯ ಕಳೆದವರು, ಒಮ್ಮೆ ತಿರುಗಿ ನೋಡಿದರೆ ಸಾಕು. ಪೂಲಾವಿಯ ಮಾತಾದರೆ ಯಾರಪ್ಪನಿಗೂ ತಿಳಿಯದು. ತುಟಿ ಯಾಕೆ ಆಡುತ್ತಿದೆ ಅಂದರೆ ಬಾಯಲ್ಲಿ ಎಲೆಅಡಿಕೆ. ಎಷ್ಟು ಬುದ್ಧಿವಂತೆ ನಾನು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಮಗ್ಗದವರು ಮಾಡುವ ತಪ್ಪನ್ನೇ ಮಾಡಿದ್ದೆ. ಸದ್ದು ಯಾವತ್ತೂ ಇರುತ್ತದೆ ಅಂತ ನಂಬಿದ್ದೆ.

ಭಾನುವಾರ ಸಂಜೆ ಬಂದರು. ಮೋಡ ಕವಿದಿತ್ತು, ಧೂಳು ಗಾಳಿ ಎದ್ದಿತ್ತು, ಬಾಗಿಲು ಹಾಕಿದೆವು. ಕಿಟಕಿಗಳು ಮೊದಲೇ ಇಲ್ಲಿ ತೆರೆಯುವುದಿಲ್ಲ, ಗಾಳಿ ಆಡಿದರೆ ನೂಲು ಒಣಗಿ ಹರಿಯುತ್ತದೆ. ಹಿರಿಯರು ಕುರ್ಚಿಯಲ್ಲಿ, ಅವರ ಪಕ್ಕ ಮಗುವಿನ ಅಪ್ಪ, ಮುದುಕಮ್ಮ ಚಾಪೆಯ ಮೇಲೆ. ಎದುರಿಗೆ ಗೋಡೆಗೆ ಒರಗಿ ಅಕ್ಕ, ಅವಳ ಮಡಿಲಲ್ಲಿ ಅಮ್ಮಿಣಿ. ನಾನು ಹಿಂದೆ, ಬಾಯಿ ತುಂಬ ಎಲೆ.

"ಮಗು ಹೆಂಗೆ ಓದ್ತಾಳೆ?" ಹಿರಿಯರು ಕೇಳಿದರು.

ನಾನು ಅಗಿಯುತ್ತಾ ದಾಟಿಸಿದೆ, ಹುಬ್ಬು ಏರಿಸಿದೆ.

"ಚೆನ್ನಾಗಿ ಓದ್ತಾಳಿಂಗ. ಲೆಕ್ಕ ಅಂದ್ರೆ ಪ್ರಾಣ" ಅಂದಳು ಅಕ್ಕ, ಈ ಸೀಮೆಯ ಮರ್ಯಾದೆಯ 'ಇಂಗ' ಸೇರಿಸಿ, ಹಿರಿಯರ ಮುಖ ನೋಡಿಕೊಂಡೇ. ಎಂಥ ಕಣ್ಣು ಅವಳದು! ನನ್ನ ಕಡೆ ತಿರುಗಿದ್ದೇ ಕಾಣುತ್ತಿರಲಿಲ್ಲ.

ಊಟ, ಜ್ವರ, ಶಾಲೆಯ ವ್ಯಾನು, ಒಂದಾದ ಮೇಲೊಂದು ಬಂದವು, ಒಂದಾದ ಮೇಲೊಂದು ದಾಟಿದವು. ಸುಣ್ಣ ಹೆಚ್ಚಾಗಿ ನನ್ನ ನಾಲಿಗೆ ಸುಟ್ಟುಹೋಗಿತ್ತು. ಬೆವರು ಬೆನ್ನಲ್ಲಿ ಇಳಿಯುತ್ತಿತ್ತು. ಹಿರಿಯರು ತೃಪ್ತಿಯಿಂದ ಮುರುಕು, ಅಂದರೆ ನಮ್ಮ ಚಕ್ಕುಲಿ, ಮುರಿಯುತ್ತಿದ್ದರು. ಆಗ ಮುದುಕಮ್ಮ ನಿಧಾನವಾಗಿ ತಿರುಗಿ ನನ್ನ ಬಾಯನ್ನೇ ನೋಡಿದರು.

"ಏನಮ್ಮಾ, ಒಂದು ಎಲೇನ ಇಷ್ಟು ಹೊತ್ತು ಅಗೀತೀಯ?"

"ಅಡಿಕೆ ಗಟ್ಟಿ, ಅಮ್ಮಾ" ಅಂದೆ. ಅವರು ನನ್ನ ಬಾಯಿಂದ ಕಣ್ಣು ಕೀಳಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

ಟ್ಯೂಬ್‌ಲೈಟು ಆರಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಅಂಥ ನಿಶ್ಶಬ್ದ! ಹಿರಿಯರ ಬಾಯಲ್ಲಿ ಮುರುಕು ಪುಡಿಯಾಗುವುದೂ ಕೇಳುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ಅಕ್ಕನಿಗೆ ನನ್ನ ತುಟಿ ಕಾಣುವುದು ಇನ್ನೆಲ್ಲಿಂದ? ಬಾಗಿಲು ತೆಗೆಯೋಣ ಅಂತ ಎದ್ದೆ. ಮಗುವಿನ ಅಪ್ಪ, "ಇರಿ, ಫೋನಲ್ಲಿ ಟಾರ್ಚ್ ಹಾಕ್ತೀನಿ" ಅಂದ.

"ಬೇಡ" ಅಂದರು ಮುದುಕಮ್ಮ. "ಎಲ್ರೂ ಕೂತ್ಕೊಳ್ಳಿ. ಮಾತಾಡೋಕೆ ಬೆಳಕ್ಯಾಕೆ?"

ಗೊತ್ತಾಗಿಬಿಟ್ಟಿದೆ ಇವರಿಗೆ, ಅಂದುಕೊಂಡೆ. ಎದ್ದವಳು ಹಾಗೇ ಕೂತೆ. ಬಾಯಿ ತುಂಬ ಮಾತಿತ್ತು, ನೋಡುವ ಕಣ್ಣಿಲ್ಲ. ದೇವರೇ ದೇವರೇ ಅಂತ ಒಳಗೇ ಕೂಗಿಕೊಂಡೆ.

ಕತ್ತಲಲ್ಲಿ ಮುದುಕಮ್ಮನ ದನಿ, ಜೋರೂ ಇಲ್ಲ, ಸಿಟ್ಟೂ ಇಲ್ಲ: "ರಾತ್ರಿ ಹೊತ್ತು ಮಗು ಎದ್ದು ಅತ್ರೆ ನಿಂಗೆ ಹೆಂಗಮ್ಮ ಗೊತ್ತಾಗ್ತದೆ?"

ಯಾರೋ ಉಸಿರೆಳೆದುಕೊಂಡರು. ಬಟ್ಟೆ ಸರಿದ ಸದ್ದು. ಹಿರಿಯರು ಕೆಮ್ಮಿದರು. ಇನ್ನೂ ಉತ್ತರ ಇಲ್ಲ. ಮಗು ಹೋಯಿತು ಅಂತಲೇ ನಾನು ಕಣ್ಣು ಮುಚ್ಚಿಕೊಂಡೆ, ಆ ಕತ್ತಲಲ್ಲಿ ಮುಚ್ಚುವುದಕ್ಕೆ ಏನಿತ್ತೋ. ಕಡೆಗೂ ಮುದುಕಮ್ಮನೇ, "ಕೇಳಿಸ್ತಾ?" ಅನ್ನುತ್ತಿದ್ದಂತೆ ಅಕ್ಕನ ದನಿ ಬಂತು. ಮೂರು ಮನೆ ದಾಟುವ ದನಿ, ಆ ನಿಶ್ಶಬ್ದದಲ್ಲಿ ಗೋಡೆಗೆ ಬಡಿಯುವಷ್ಟು.

"ನನ್ನ ಕೈ ಅವಳ ಮುಖದ ಹತ್ರಾನೇ ಇರ್ತದಲ್ಲಮ್ಮಾ."

ಮಗುವಿನ ಅಪ್ಪ ತಡೆಯಲಾರದೆ ಟಾರ್ಚ್ ಹಾಕಿದ. ಬೆಳಕು ನೇರ ಅವರಿಬ್ಬರ ಮೇಲೆ ಬಿತ್ತು. ಅಮ್ಮಿಣಿ ದೊಡ್ಡಮ್ಮನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡಿದ್ದಳು. ತುಟಿ ಇನ್ನೂ ಆಡುತ್ತಿತ್ತು. "ಕೇಳಿಸ್ತಾ" ಅನ್ನುವ ಕಡೆಯ ಮಾತನ್ನು ದಾಟಿಸುತ್ತಿದ್ದಳೇನೋ. ಯಾರೂ ಹೇಳಿಕೊಟ್ಟಿರಲಿಲ್ಲ. ಪೂಲಾವಿಯಲ್ಲಿ ಕತ್ತಲಾಗಿತ್ತು, ಅವಳು ರಾತ್ರಿಯ ಮಾತು ಆಡಿದ್ದಳು ಅಷ್ಟೆ.

ಹಿರಿಯರಿಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಮುರುಕಿನ ತಟ್ಟೆ ಕೆಳಗಿಟ್ಟರು. "ಅಂದ್ರೆ ಈಯಮ್ಮಂಗೆ ಕಿವಿ ಕೇಳೋದಿಲ್ಲ. ಸುದ್ದಿ ನಿಜ. ಮಾತು ಅಂದ್ರೆ ಮಾತು, ಮಗುವಿನ ಬಟ್ಟೆಬರೆ ತಗೊಳ್ಳಿ."

"ಏನ್ರೀ ನಿಮ್ಮ ಮಾತು!" ಅಂತ ನಾನು ಎದ್ದುನಿಂತೆ. ಎಲೆಅಡಿಕೆ ರಸ ಸೀರೆಯ ಮೇಲೆಲ್ಲ ಚೆಲ್ಲಿತು. "ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳ್ಲಿಲ್ವಾ ಅವಳು? ಕಿವಿ ಇರೋ ನೀವು ಇಷ್ಟು ವರ್ಷ ಈ ಮಗೂನ ಒಂದ್ಸಲ ನೋಡೋಕೆ ಬಂದಿದ್ರಾ?"

ಅಕ್ಕ ನನ್ನ ಕಡೆ ನೋಡಿ ಸುಮ್ಮನಿರು ಅಂತ ತುಟಿ ಒಳಗೆ ಎಳೆದುಕೊಂಡಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. "ಆಮಾಂಗ, ಹೌದು, ಕೇಳೋದಿಲ್ಲ" ಅಂದಳು ಹಿರಿಯರಿಗೆ. "ಏನೂ ಕೇಳೋದಿಲ್ಲ." ಮಗುವನ್ನು ಹಿಡಿದ ಕೈಯನ್ನು ಮಾತ್ರ ಸಡಿಲಿಸಲಿಲ್ಲ.

ಮುದುಕಮ್ಮ ಚಾಪೆಯಿಂದ ಎದ್ದರು. ಮೊಣಕಾಲು ಹಿಡಿದುಕೊಂಡು ಅಮ್ಮಿಣಿಯ ಎದುರಿಗೆ ಹೋಗಿ ಕೂತರು. ಎತ್ತಿಕೊಂಡೇ ಹೋಗುತ್ತಾರೆ ಅಂದುಕೊಂಡೆ. ಅವರು ತಮ್ಮ ಅಂಗೈ ಚಾಚಿದರು. ವರ್ಷಗಟ್ಟಲೆ ನೂಲು ಎಳೆದು ಗೀರು ಬಿದ್ದ ಕೈ, ಅಕ್ಕನ ಕೈಯ ಹಾಗೇ.

"ನಂಗೂ ಹೇಳು" ಅಂದರು.

ಅಮ್ಮಿಣಿ ದೊಡ್ಡಮ್ಮನ ಮುಖ ನೋಡಿದಳು. ಅಕ್ಕ ತಲೆಯಾಡಿಸಿದಳು. ಮಗು ಆ ಅಂಗೈಗೆ ಬಾಯಿ ಇಟ್ಟು ಏನೋ ಹೇಳಿ, ಕಡೆಯಲ್ಲಿ ಉಫ್ ಅಂತ ಊದಿತು.

"ಏನು ಹೇಳ್ದೆ?"

"ಹೇಳ್ಲಿಲ್ಲ ಅಜ್ಜಿ, ಕೇಳ್ದೆ. ಊದಿದ್ನಲ್ಲಾ."

"ಏನು ಕೇಳ್ದೆ?"

"ಇರ್ಲಾ, ಇಲ್ಲೇ, ನಾನು."

ಮುದುಕಮ್ಮ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಅಂಗೈ ಮುಚ್ಚಿಕೊಂಡರು. ಇನ್ನೊಂದು ಕೈಯನ್ನು ನೆಲಕ್ಕೆ ಊರಿ ಎದ್ದರು. "ಏಳಪ್ಪ" ಅಂದರು ಮಗನಿಗೆ. "ಮಳೆ ಹಿಡಿಯೋದ್ರೊಳಗೆ ಬಸ್ಸು ಹತ್ಬೇಕು."

"ಮಗು?" ಅಂದರು ಹಿರಿಯರು.

"ಮಗು ಮನೇಲೇ ಇದೆಯಲ್ಲ."

ಬಾಗಿಲು ತೆಗೆದೆ. ಮೊದಲ ಹನಿಗಳು ಬೀಳುತ್ತಿದ್ದವು. ಛತ್ರಿ ಕೊಡಲು ಹೋದೆ, ಅವರು ಬೇಡ ಅಂದರು. ಹಿಡಿಯುವುದಕ್ಕೆ ಕೈ ಬಿಡುವಿರಲಿಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದು ಮುಷ್ಟಿ. ಬೀದಿಯ ತಿರುವಿನವರೆಗೂ ನೋಡುತ್ತಾ ನಿಂತೆ. ಆ ಮುಷ್ಟಿಯನ್ನು ಅವರು ಬಿಚ್ಚಲಿಲ್ಲ.